ಎರಡನೆಯ ಬೀಗದ ಕೈ

"ಮನೆಯಲ್ಲಿ ಎಷ್ಟು ಜನ?"

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಕೇಳಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಬಾಡಿಗೆಯ ಮಾತು ಆಮೇಲೆ, ನೀರಿನ ಮಾತು ಅದಕ್ಕೂ ಆಮೇಲೆ. ಈ ಪ್ರಶ್ನೆಗೆ 'ಒಬ್ಬನೇ' ಎಂದು ನಾನು ಉತ್ತರ ಕೊಡಬೇಕಾಗಿ ಬಂದದ್ದು ಬದುಕಿನಲ್ಲಿ ಎರಡು ಸಲ. ಮೊದಲ ಸಲ 1982ರಲ್ಲಿ, ಕನ್ನಡ ಎಂ.ಎ. ಓದಲೆಂದು ಜ್ಞಾನಭಾರತಿಗೆ ಸೇರಿದಾಗ. ಎರಡನೆಯ ಸಲ 2023ರಲ್ಲಿ, ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಮೂರು ವರ್ಷ ಕಳೆದ ಮೇಲೆ. ಮೊದಲ ಸಲ ಮನೆಯೊಡೆಯರು, ನಾನು ಏನು ಮಾಡಿಬಿಡುವೆನೋ ಎಂದು ಅಂಜಿದರು. ಎರಡನೆಯ ಸಲ, ನನಗೆ ಏನಾಗಿಬಿಡುವುದೋ ಎಂದು ಅಂಜಿದರು. ಎರಡು ಸಲವೂ ಬಾಗಿಲು ಒಂದೇ ಬಗೆಯ ವಿನಯದಿಂದ ಮುಚ್ಚಿಕೊಂಡಿತು.

ನಾನು ಮದುವೆಯಾಗಲಿಲ್ಲ. ಅದರ ಕಾರಣ ಈ ಭಾಷಣಕ್ಕೆ ಸಂಬಂಧಪಟ್ಟುದಲ್ಲ. ದೊಡ್ಡ ನಗರದಲ್ಲಿ ಒಂಟಿಯಾಗಿ ಬಾಳಬೇಕಾದವರು ವಾಸಕ್ಕೆ ಯಾವ ಬಡಾವಣೆಯನ್ನು ಆರಿಸಿಕೊಳ್ಳಬೇಕು, ಆರಿಸುವಾಗ ಏನನ್ನು ನೋಡಬೇಕು ಎಂಬುದನ್ನು ಕುರಿತು ಮಾತನಾಡಿರೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ, ಸಾಹಿತ್ಯದ ಮೇಷ್ಟರಿಗೆ ಇದೇನು ವಿಷಯ ಎಂದು ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದರೆ, ಛಂದಸ್ಸಿಗಿಂತ ಹೆಚ್ಚಿನ ಅಧಿಕಾರದಿಂದ ನಾನು ಮಾತನಾಡಬಹುದಾದ ವಿಷಯ ಬಹುಶಃ ಇದೊಂದೇ.

ನಮ್ಮ ಹಳೆಯ ಪಟ್ಟಣಗಳಲ್ಲಿ ಒಂಟಿಯಾದವನಿಗೆಂದು ಬೇರೆಯ ಮನೆ ಎಂಬುದೇ ಇರಲಿಲ್ಲ. ಬೆಂಗಳೂರಿನ ಪೇಟೆಯನ್ನೇ ನೋಡಿ: ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ. ಕಸುಬಿನ ಮೇಲೆ, ಕುಲದ ಮೇಲೆ ಬೀದಿಗಳು. ಅಲ್ಲಿ ಒಬ್ಬಂಟಿಯಾಗಿ ಬಂದವನು ಯಾರಾದರೊಬ್ಬರ ನಂಟನಾಗಿರಬೇಕು, ಇಲ್ಲವೇ ಛತ್ರದಲ್ಲಿ ತಂಗುವ ದಾರಿಹೋಕನಾಗಿರಬೇಕು. ಓದಲು ಬಂದ ಬಡ ಹುಡುಗನಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅನಂತರ ಒಂದೊಂದು ಜನಾಂಗದವರೂ ತಂತಮ್ಮ ಹುಡುಗರಿಗೆಂದು ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿದರು. ಊರು ಒಂಟಿ ಮನುಷ್ಯನನ್ನು ಹೇಗಾದರೂ ಒಂದು ಮನೆತನದ ಅಂಚಿಗೆ ಕಟ್ಟಿಹಾಕುತ್ತಿತ್ತು. ಅದರಲ್ಲಿ ಆಶ್ರಯವೂ ಇತ್ತು, ಹಂಗೂ ಇತ್ತು.

1898ರ ಪ್ಲೇಗು ಪೇಟೆಯನ್ನು ತತ್ತರಿಸುವಂತೆ ಮಾಡಿತು. ಇಕ್ಕಟ್ಟಿನ ಬೀದಿಗಳನ್ನು ಬಿಟ್ಟು ಗಾಳಿ ಬೆಳಕು ಇರುವ ಕಡೆ ಜನ ವಾಸಿಸಬೇಕೆಂಬ ವಿಚಾರ ಬಲವಾಗಿ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ನೇರವಾದ ಮುಖ್ಯರಸ್ತೆಗಳು, ಅವಕ್ಕೆ ಅಡ್ಡವಾಗಿ ಕ್ರಾಸುಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳು. ಈ ಬಡಾವಣೆಗಳು ಸಂಸಾರವಂದಿಗರಿಗಾಗಿ ಹುಟ್ಟಿದುವು. ನಿವೇಶನಗಳನ್ನು ಜಾತಿ ಕೋಮುಗಳ ಪ್ರಕಾರ ವಿಂಗಡಿಸಿ ಹಂಚಿದ್ದೂ ಉಂಟು. ಆದರೂ ಒಂದು ವಿಚಿತ್ರ ನಡೆಯಿತು. ದೊಡ್ಡ ನಿವೇಶನಗಳ ಹಿತ್ತಿಲಲ್ಲಿ ಕಾಲಕ್ರಮದಲ್ಲಿ ಔಟ್‌ಹೌಸುಗಳೆದ್ದವು, ವಠಾರಗಳೆದ್ದವು. ಗುಮಾಸ್ತರು, ಮೇಷ್ಟರುಗಳು, ವಿಧವೆಯರು, ಓದುವ ಹುಡುಗರು ಆ ಒಂದೂವರೆ ಕೋಣೆಗಳಲ್ಲಿ ಬಂದು ನೆಲೆಸಿದರು. ಸಂಸಾರಗಳಿಗೆಂದು ಮಾಡಿದ ಬಡಾವಣೆ, ಹಿತ್ತಿಲ ಬಾಗಿಲಿನಿಂದ ಒಂಟಿಯವರಿಗೂ ಸ್ಥಳ ಕೊಟ್ಟಿತು.

1982ರಲ್ಲಿ ನನಗೆ ಸಿಕ್ಕಿದ್ದು ಹನುಮಂತನಗರದ ಅಂಥದೊಂದು ವಠಾರದ ಮೂಲೆ ಕೋಣೆ. ಏಳು ಮನೆ, ಒಂದು ನಲ್ಲಿ, ಎರಡು ಪಾಯಿಖಾನೆ. ಅದರ ಗಲಾಟೆಯನ್ನು ನಾನು ಈಗ ಹೊಗಳಿದರೆ ಸುಳ್ಳಾದೀತು. ಪರೀಕ್ಷೆಯ ದಿನಗಳಲ್ಲಿ ಅದನ್ನು ಮನಸಾರೆ ಶಪಿಸಿದ್ದೇನೆ. ಆದರೆ ಒಮ್ಮೆ ವಿಷಮಶೀತ ಜ್ವರ ಬಂದು ಮಲಗಿದಾಗ, ಬೆಳಗ್ಗೆ ನಲ್ಲಿಯ ಸಾಲಿನಲ್ಲಿ ನನ್ನ ಕೊಡ ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ಎದುರುಮನೆಯ ಅಜ್ಜಿ ಬಾಗಿಲು ತಟ್ಟಿದರು. ಮೂರು ವಾರ ಗಂಜಿ ಬಂದದ್ದು ಆ ಮನೆಯಿಂದ.

ಇದಕ್ಕೆ ಎದುರಾದ ಚಿತ್ರವನ್ನೂ ಹೇಳಬೇಕು. 2020ರಲ್ಲಿ ಚಿಕ್ಕಮಗಳೂರಿನಲ್ಲಿ ನಿವೃತ್ತನಾದ ಮೇಲೆ, ಕಣ್ಣಿನ ಚಿಕಿತ್ಸೆಗೆ ಪದೇ ಪದೇ ಬರಬೇಕಾದ್ದರಿಂದ ಬೆಂಗಳೂರಿಗೇ ಬಂದುಬಿಟ್ಟೆ. ಬಂಧುವೊಬ್ಬರು ಊರ ಹೊರವಲಯದಲ್ಲಿ ಕೊಂಡಿಟ್ಟಿದ್ದ ಫ್ಲ್ಯಾಟು ಖಾಲಿಯಿತ್ತು. ಹನ್ನೊಂದನೆಯ ಅಂತಸ್ತು, ಒಳ್ಳೆಯ ಗಾಳಿ, ಒಳ್ಳೆಯ ಬೆಳಕು, ಲಿಫ್ಟು, ಕಾವಲುಗಾರರು. ಆ ಸಲ ನನ್ನನ್ನು ಯಾರೂ ಏನೂ ಕೇಳಲಿಲ್ಲ. 2022ರ ಒಂದು ಸಂಜೆ ಏಳರ ಹೊತ್ತಿಗೆ ಸ್ನಾನದ ಮನೆಯಲ್ಲಿ ಕಾಲು ಜಾರಿ ಬಿದ್ದು, ಕಾಲಿನ ಗಿಣ್ಣು ಮುರಿಯಿತು. ಏಳಲಾರೆ. ಫೋನು ಕೋಣೆಯ ಮೇಜಿನ ಮೇಲೆ. ಮುಂಬಾಗಿಲಿನದು ಎಳೆದರೆ ತಾನಾಗಿ ಬೀಳುವ ಬೀಗ. ಮರುದಿನ ಬೆಳಗ್ಗೆ ಎಂಟಕ್ಕೆ ಅಡುಗೆಯಾಕೆ ಬಂದು ಗಂಟೆ ಒತ್ತಿ, ಉತ್ತರವಿಲ್ಲದೆ, ಕಾವಲುಗಾರನನ್ನು ಕರೆತರುವವರೆಗೆ ಹದಿಮೂರು ಗಂಟೆ ನೆಲದ ಮೇಲೆ ಇದ್ದೆ. "ಇನ್ನೊಂದು ಕೀ ಯಾರ ಹತ್ರ ಐತೆ ಸಾರ್?" ಎಂದು ಆತ ಹೊರಗಿನಿಂದ ಕೂಗಿದ. ಯಾರ ಬಳಿಯೂ ಇಲ್ಲ ಎಂದೆ. ಬಾಗಿಲು ಒಡೆದರು. ಪಕ್ಕದ ಫ್ಲ್ಯಾಟಿನವರಿಗೆ ಎರಡು ವರ್ಷವಾದರೂ ನನ್ನ ಹೆಸರು ತಿಳಿದಿರಲಿಲ್ಲ. ಅವರ ತಪ್ಪೇನೂ ಇಲ್ಲ. ಅವರ ಹೆಸರು ನನಗೂ ತಿಳಿದಿರಲಿಲ್ಲ.

ಮೂಳೆ ಕೂಡಿಕೊಳ್ಳುವ ತನಕ ಮಲಗಿದ್ದಾಗ ಕಾವಲುಗಾರನ ಆ ಪ್ರಶ್ನೆಯೇ ತಲೆಯಲ್ಲಿ ಸುತ್ತುತ್ತಿತ್ತು. ಸಂಸಾರವಂದಿಗನಿಗೆ ಮನೆ ಮುಖ್ಯ, ಬೀದಿ ಆಮೇಲೆ. ಒಂಟಿಯಾದವನಿಗೆ ಬೀದಿಯೇ ಮನೆಯ ಉಳಿದರ್ಧ. ಎರಡನೆಯ ಬೀಗದ ಕೈಯನ್ನು ಧೈರ್ಯವಾಗಿ ಕೊಟ್ಟಿರಿಸಬಹುದಾದ ಒಬ್ಬರು, ನಡೆದು ಬರುವಷ್ಟು ದೂರದಲ್ಲಿ ಇರುವರೇ? ಬಾಡಿಗೆ, ಗಾಳಿ, ಬೆಳಕು ಎಲ್ಲವೂ ಈ ಪ್ರಶ್ನೆಯ ನಂತರ.

ಆದ್ದರಿಂದ 2023ರಲ್ಲಿ ನಾನು ಮನೆ ಹುಡುಕಲಿಲ್ಲ, ಬೀದಿ ಹುಡುಕಿದೆ. ಮೆಚ್ಚಿದ ಒಂದೊಂದು ಬೀದಿಗೂ ಮೂರು ಹೊತ್ತು ಹೋಗುತ್ತಿದ್ದೆ: ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತೂವರೆಗೆ. ಬೆಳಗಿನ ಹೊತ್ತು ಹಾಲಿನ ಬೂತಿನ ಮುಂದೆ ಜನ ಮಾತನಾಡಿಕೊಳ್ಳುತ್ತಾರೆಯೇ, ಪೊಟ್ಟಣ ಹಿಡಿದು ಸುಮ್ಮನೆ ಹೊರಟುಹೋಗುತ್ತಾರೆಯೇ ಎಂಬುದು ತಿಳಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಬೀದಿಯಲ್ಲಿ ಯಾರೂ ಇಲ್ಲದಿದ್ದರೆ, ಅದು ಎಲ್ಲರೂ ದುಡಿಯಲು ಹೋಗುವ ಬೀದಿ. ಹಗಲು ನಿಮಗೇನಾದರೂ ಆದರೆ ಕೇಳುವವರಿಲ್ಲ. ರಾತ್ರಿ ಒಂಬತ್ತೂವರೆಗೆ ಔಷಧಿ ಅಂಗಡಿ ತೆರೆದಿರುವ, ದೀಪ ಉರಿಯುವ, ಹೆಂಗಸರು ಹೆದರದೆ ನಡೆದುಹೋಗುವ ಬೀದಿ ಯಾರಿಗಾದರೂ ಒಳ್ಳೆಯದು. ಇನ್ನೂರು ಹೆಜ್ಜೆಯೊಳಗೆ ಎರಡು ಬಾಳೆಹಣ್ಣು, ಕಾಲು ಕಿಲೋ ಹುರುಳಿಕಾಯಿ ಕೇಳಿದರೆ ಮುಖ ಸಿಂಡರಿಸದೆ ಕೊಡುವ ಅಂಗಡಿ ಇರಬೇಕು. ಒಬ್ಬನಿಗೆ ಬೇಕಾದಷ್ಟನ್ನೇ ಮಾರುವ ಅಂಗಡಿಗಳಿರುವ ಬೀದಿಯಲ್ಲಿ ಒಂಟಿಯವರು ಈಗಾಗಲೇ ಇದ್ದಾರೆಂದು ಅರ್ಥ.

ಊಟದ ವಿಷಯದಲ್ಲಿ ಬೆಂಗಳೂರು ಒಂಟಿಯವರಿಗೆ ಒಂದು ದೊಡ್ಡ ಉಪಕಾರ ಮಾಡಿದೆ. 1980ರ ದಶಕದಲ್ಲಿ ಹುಟ್ಟಿ ಬೀದಿ ಬೀದಿಗೆ ಹಬ್ಬಿದ ದರ್ಶಿನಿಯನ್ನು ನೆನೆಯಿರಿ. ಕೂತು ತಿನ್ನುವ ಹೋಟೆಲಿನಲ್ಲಿ ನಾಲ್ವರ ಮೇಜಿಗೆ ಒಬ್ಬನೇ ಕೂತರೆ ಮಾಣಿಗೂ ಇರುಸುಮುರುಸು, ನಮಗೂ ಇರುಸುಮುರುಸು. ನಿಂತು ತಿನ್ನುವಲ್ಲಿ ಎಲ್ಲರೂ ಒಬ್ಬೊಬ್ಬರೇ.

ನೀರಿನ ವಿಚಾರವನ್ನು ಒಂಟಿಯವರು ಹಗುರವಾಗಿ ನೋಡಬಾರದು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಕಡೆ ಮೇಲೆತ್ತಿ ತರುವ ಕಾವೇರಿ ನೀರು ಹಳೆಯ ಬಡಾವಣೆಗಳಿಗೆ ಮೊದಲಿನಿಂದ ಬರುತ್ತಿದೆ. 2007ರಲ್ಲಿ ನಗರಕ್ಕೆ ಸೇರಿದ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತ ಆರಂಭವಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದದ್ದನ್ನು ನಾವೆಲ್ಲ ಕಂಡೆವು. ಸಂಸಾರವಿರುವ ಮನೆಯಲ್ಲಿ ಟ್ಯಾಂಕರ್ ಬಂದಾಗ ಯಾರಾದರೊಬ್ಬರು ಇರುತ್ತಾರೆ. ಒಬ್ಬನೇ ಇರುವವನು ಕೆಲಸಕ್ಕೆ ರಜೆ ಹಾಕಬೇಕು. ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಹಂಚಬೇಕು ಎಂದು ಮೊದಲೇ ಕೇಳಿಕೊಳ್ಳಿ. ಇನ್ನು, ಮಳೆಯ ನೀರು. ಇಲ್ಲಿ ಕನ್ನಡದ ಮೇಷ್ಟರಿಗೂ ಒಂದು ಮಾತು ಹೇಳಲು ಅವಕಾಶವಿದೆ. ಜಕ್ಕಸಂದ್ರ, ಸಿಂಗಸಂದ್ರ, ಭೈರಸಂದ್ರ, ಬೊಮ್ಮಸಂದ್ರ ಎಂಬ ಹೆಸರುಗಳ ಕೊನೆಯ 'ಸಂದ್ರ' ನಮ್ಮ 'ಸಮುದ್ರ'ವೇ. ಅಂದರೆ ದೊಡ್ಡ ಕೆರೆ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಅಂಬುಧಿಯೂ ಸಮುದ್ರವೇ. ಹೆಸರಿನಲ್ಲಿ ಕೆರೆಯಿದ್ದರೆ, ಆ ಊರಿನಲ್ಲೆಲ್ಲ ನೀರು ನುಗ್ಗುತ್ತದೆಂದಲ್ಲ. ಆದರೆ ಕೆಳ ಅಂತಸ್ತಿನ ಮನೆಗೆ ಮುಂಗಡ ಕೊಡುವ ಮುನ್ನ, ಹಳೆಯ ಕೆರೆ ಎಲ್ಲಿತ್ತು, ಅದರ ಕೋಡಿ ಎತ್ತ ಹರಿಯುತ್ತಿತ್ತು ಎಂದು ಅಲ್ಲಿಯ ಹಿರಿಯರನ್ನು ಕೇಳುವುದು ಒಳ್ಳೆಯದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಮನೆಗಳಿಂದ ಜನರನ್ನು ದೋಣಿಯಲ್ಲಿ ಕರೆತಂದದ್ದು ಮರೆಯುವಂಥದಲ್ಲ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಇಲ್ಲಿಯ ಬಹುಕಾಲದ ರೂಢಿ. ಈಗ ಕೆಲವೆಡೆ ಕಡಮೆಗೂ ಒಪ್ಪುತ್ತಾರೆ, ಕೇಳಿ ನೋಡಬೇಕು. ಕರಾರು ಹನ್ನೊಂದೇ ತಿಂಗಳಿಗೆ ಏಕೆಂದರೆ, 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಬೇಕು; ಅದನ್ನು ತಪ್ಪಿಸಲು ಈ ಲೆಕ್ಕ. ಭೋಗ್ಯಕ್ಕೆ ಮನೆ ಹಿಡಿಯುವವರು, ಅಂದರೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಇರುವವರು, ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ವಿಚಾರಿಸದೆ ಹಣ ಕೊಡಬಾರದು. ಒಂಟಿಯವರ ನಿವೃತ್ತಿಯ ಹಣ ಹೋದರೆ ಇನ್ನೊಬ್ಬರ ಸಂಬಳ ಮನೆಗೆ ಬರುವುದಿಲ್ಲ.

ಕೊನೆಗೆ ನಾನು ನೆಲೆಸಿದ್ದು ತ್ಯಾಗರಾಜನಗರದ ಒಂದು ಮನೆಯ ಹಿಂಭಾಗದಲ್ಲಿ. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ನಡೆದೇ ಹೋಗಬಹುದು, ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯ ಪುಸ್ತಕಗಳ ನಡುವೆ ಒಬ್ಬನೇ ಕೂತರೆ ಯಾರೂ ಏಕೆಂದು ಕೇಳುವುದಿಲ್ಲ. ನಮ್ಮ ಬೀದಿಯ ಹೊಂಗೆಮರದ ಕೆಳಗೆ ಗಂಡಹೆಂಡಿರಿಬ್ಬರು ಇಸ್ತ್ರಿಯ ಗಾಡಿ ನಿಲ್ಲಿಸಿಕೊಂಡಿದ್ದಾರೆ. ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ಅವರಿಗೆ ತಿಳಿಯದೆ ಇರದು. ಎರಡು ತಿಂಗಳು ನೋಡಿ, ನನ್ನ ಎರಡನೆಯ ಬೀಗದ ಕೈಯನ್ನು ಅವರ ಕೈಗೆ ಕೊಟ್ಟೆ. ಮನೆಯೊಡೆಯರು ಹುಬ್ಬೇರಿಸಿದರು. ಇರಲಿ.

ಇಷ್ಟೆಲ್ಲ ಬಲ್ಲೆನೆಂದುಕೊಂಡು ನಾನು ನನ್ನ ಅಕ್ಕನ ಮಗಳಿಗೆ ಬುದ್ಧಿ ಹೇಳಹೋದೆ. ಮೂವತ್ತೊಂದು ವರ್ಷದ ಹುಡುಗಿ, ಹಲಸೂರಿನ ಕಡೆ ಕಚೇರಿ. ಎರಡು ವರ್ಷ ಒಂದು ಪಿ.ಜಿ.ಯಲ್ಲಿದ್ದು, ರಾತ್ರಿ ಹತ್ತಕ್ಕೆ ಬೀಳುವ ಗೇಟಿಗೂ ಬೆಳಗಿನ ತಣ್ಣನೆಯ ಇಡ್ಲಿಗೂ ಬೇಸತ್ತು ಮನೆ ಹುಡುಕುತ್ತಿದ್ದಳು. ನಮ್ಮ ಕಡೆಯೇ ಬಾರಮ್ಮ ಎಂದೆ. ಬಂದಳು, ನಾಲ್ಕು ಮನೆ ನೋಡಿದಳು. ಒಂದು ಕಡೆ ಜಾತಿ ಕೇಳಿದರು. ಇನ್ನೊಂದು ಕಡೆ ಮೊಟ್ಟೆ ತಿನ್ನುತ್ತೀಯಾ ಎಂದು ಕೇಳಿದರು. ಮೂರನೆಯ ಕಡೆ, ಸ್ನೇಹಿತರು ಬರುವುದುಂಟೋ ಎಂದು ಕೇಳಿದರು. ಸಂಜೆ ನನ್ನ ಮನೆಯಲ್ಲಿ ಕಾಫಿ ಕುಡಿಯುತ್ತ ಅವಳು ಅಂದಳು: "ಮಾಮ, ನೀವು ಎರಡು ದಿನ ಕಾಣಿಸದಿದ್ರೆ ಈ ಬೀದಿಯವರು ಬಾಗಿಲು ತಟ್ಟುತಾರೆ. ನಾನು ರಾತ್ರಿ ಹನ್ನೊಂದಕ್ಕೆ ಬಂದ್ರೆ ಇದೇ ಬೀದಿಯವರು ಗಡಿಯಾರ ನೋಡ್ತಾರೆ. ನಿಮಗೆ ಕಾವಲು, ನನಗೆ ಪಹರೆ."

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಿರಲು ಕಾರಣವೂ ಇತ್ತು. 2023ರಲ್ಲಿ ಇದೇ ಬಡಾವಣೆಯಲ್ಲಿ ನನ್ನನ್ನೂ 'ತಾವು ಯಾವ ಪೈಕಿ' ಎಂದು ಕೇಳಿದ್ದರು. ಉತ್ತರ ಅವರಿಗೆ ಒಪ್ಪಿಗೆಯಾದ್ದರಿಂದ ನಾನು ಆ ಪ್ರಶ್ನೆಯನ್ನು ಮರೆತುಬಿಟ್ಟಿದ್ದೆ. ಒಂಟಿಯಾದವನನ್ನು ನೋಡಿಕೊಳ್ಳುವ ಬೀದಿ, ಯಾರನ್ನು ನೋಡಿಕೊಳ್ಳಬೇಕೆಂದು ಬಾಗಿಲಲ್ಲೇ ಆರಿಸಿಕೊಂಡಿರುತ್ತದೆ. ಫ್ಲ್ಯಾಟಿನ ಪಕ್ಕದ ಮನೆಯವರು ನನ್ನ ಹೆಸರು ಕೇಳಲಿಲ್ಲವೆಂದು ಕೊರಗಿದೆನಲ್ಲ, ಅವರು ನನ್ನ ಜಾತಿಯನ್ನೂ ಕೇಳಿರಲಿಲ್ಲ.

ಅವಳು ಆರಿಸಿಕೊಂಡದ್ದು ವಿಜಯನಗರ. ಅಲ್ಲಿಂದ ಹಲಸೂರಿಗೆ ನೇರಳೆ ಮಾರ್ಗದ ಮೆಟ್ರೋ ನೇರವಾಗಿ ಹೋಗುತ್ತದೆ, ನಡುವೆ ಎಲ್ಲೂ ಇಳಿಯಬೇಕಾಗಿಲ್ಲ; ರಾತ್ರಿ ತಡವಾದರೂ ನಿಲ್ದಾಣದಿಂದ ಮನೆಯ ತನಕ ಅಂಗಡಿ ಬೀದಿ, ಬೆಳಕು. ಮೂರನೆಯ ಅಂತಸ್ತಿನ ಎರಡು ಕೋಣೆ. ಒಡೆಯರು ಕೆಳಗಿದ್ದಾರೆ, ಆದರೆ ಗೇಟಿಗೆ ಅವಳದೇ ಬೇರೆ ಕೀಲಿಕೈ. ಮನೆ ನೋಡಹೋದಾಗ ಅವಳು ಕೇಳಿದ ಮೊದಲ ಪ್ರಶ್ನೆಯೇ ಅದಂತೆ. ಎರಡು ಕ್ರಾಸು ಆಚೆ, ಅವಳ ಕಚೇರಿಯಲ್ಲೇ ಕೆಲಸ ಮಾಡುವ, ಹುಬ್ಬಳ್ಳಿಯ ಕಡೆಯ ಇನ್ನೊಬ್ಬ ಹುಡುಗಿ ಒಬ್ಬಳೇ ಇದ್ದಾಳೆ. ಅವಳ ಬೀಗದ ಕೈ ಇವಳ ಬಳಿ, ಇವಳದು ಅವಳ ಬಳಿ. ದಿನವೂ ಬೆಳಗ್ಗೆ ಒಬ್ಬರಿಗೊಬ್ಬರು ಫೋನಿನಲ್ಲಿ ಒಂದು ಸಾಲು ಕಳಿಸಬೇಕೆಂದು ಮಾಡಿಕೊಂಡಿದ್ದಾರೆ. ಒಂಬತ್ತರೊಳಗೆ ಬಾರದಿದ್ದರೆ ಹೋಗಿ ಬಾಗಿಲು ತೆರೆಯುವುದು.

ಹಾಲುಕ್ಕಿಸುವ ದಿನ ನಾನೂ ಹೋಗಿದ್ದೆ. ಹೊರಡುವಾಗ ಅವಳು ಒಳಗಿನಿಂದ ಮೂರನೆಯ ಬೀಗದ ಕೈ ತಂದು ನನ್ನ ಕೈಗಿಟ್ಟಳು. ತ್ಯಾಗರಾಜನಗರದಿಂದ ವಿಜಯನಗರಕ್ಕೆ, ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ, ನನ್ನ ಈ ಕಾಲಿನಲ್ಲಿ ಒಂದು ಗಂಟೆಯ ದಾರಿ. ಅಷ್ಟು ದೂರದ ಬೀಗದ ಕೈ ಹೊತ್ತಿಗೆ ಒದಗುವುದಿಲ್ಲವೆಂದು ಹೇಳಿ ಹಿಂದಕ್ಕೆ ಕೊಟ್ಟೆ.