ಸ್ತ್ರೀಯರ ಕೂದಲುದುರುವಿಕೆ: ಎಣ್ಣೆ ಎಲ್ಲಿಯವರೆಗೆ, ಔಷಧಿ ಎಲ್ಲಿಂದ?

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪದಲ್ಲಿ, ಪುಣಜನೂರಿನ ತಪಾಸಣಾ ಠಾಣೆ ಇದೆ. ಸುತ್ತಲಿನದು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಿಳಿಗಿರಿರಂಗನ ಬೆಟ್ಟದ ಅರಣ್ಯ. ಇಲ್ಲಿನ ಸೋಲಿಗರು ತಲೆಮಾರುಗಳಿಂದ ಸಂಗ್ರಹಿಸುತ್ತ ಬಂದಿರುವ ಕಿರು ಅರಣ್ಯ ಉತ್ಪನ್ನಗಳಲ್ಲಿ ಜೇನಿನೊಡನೆ ನೆಲ್ಲಿಕಾಯಿ, ಸೀಗೆಕಾಯಿ ಹಾಗೂ ಅಂಟುವಾಳಗಳು ಸೇರಿವೆ. ಸೀಗೆ ಮತ್ತು ಅಂಟುವಾಳ ತಲೆ ತೊಳೆಯಲು ಒದಗಿದರೆ, ನೆಲ್ಲಿಕಾಯಿ ಉಪ್ಪಿನಕಾಯಿಗೂ ತಲೆಗೆಣ್ಣೆಗೂ ಬೇಕು. ಕಾಡಿನ ಈ ಸರಕಿಗೂ ನಮ್ಮ ಸ್ತ್ರೀಯರ ತಲೆಗೂದಲಿಗೂ ಇರುವ ನಂಟು ಹಳೆಯದು.

ಈ ನಂಟು ಈಗ ದೊಡ್ಡ ವ್ಯಾಪಾರವಾಗಿದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರು ತಯಾರಿಸುವ ‘ಆದಿವಾಸಿ’ ತಲೆಗೆಣ್ಣೆಯು ಸಾಮಾಜಿಕ ಜಾಲತಾಣಗಳ ಮೂಲಕ ದೇಶದಾದ್ಯಂತ ಹೆಸರಾಯಿತು. ಇದನ್ನು ಕಂಡು, ಗಿಡಮೂಲಿಕೆ ಎಣ್ಣೆಯ ತಯಾರಿಕೆಗೆ ಇಳಿಯಲು ಬಯಸುವ ಸಣ್ಣ ಉದ್ಯಮಿಗಳು ನಮ್ಮ ಭಾಗದಲ್ಲಿಯೂ ಇದ್ದಾರೆ. ಅಂಥವರೂ, ಕೂದಲಿನ ಸಾಮಗ್ರಿ ಮಾರುವ ಅಂಗಡಿಯವರೂ ಒಂದು ವಿಷಯವನ್ನು ಮೊದಲೇ ಅರಿತಿರುವುದು ಒಳಿತು. ಎಣ್ಣೆಯ ಕೆಲಸ ಎಲ್ಲಿ ಮುಗಿಯುತ್ತದೆ, ಔಷಧಿಯ ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬುದೇ ಆ ವಿಷಯ. ಈ ಗೆರೆ ತಪ್ಪಿದರೆ ಕೊಳ್ಳುವ ಹೆಣ್ಣುಮಗಳಿಗೂ ಮಾರುವ ವರ್ತಕನಿಗೂ ನಷ್ಟ.

ಕೂದಲು ಉದುರುವುದು ಏಕೆ?

ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಬಳಿಕ ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ತೀವ್ರ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಕಠಿಣ ಉಪವಾಸ ಅಥವಾ ಮನಸ್ಸಿನ ಆಘಾತ ಸಂಭವಿಸಿದಾಗ ಬಹಳಷ್ಟು ಕೂದಲುಗಳು ಒಮ್ಮೆಲೇ ವಿಶ್ರಾಂತಿಗೆ ಜಾರುತ್ತವೆ. ಎರಡು ಮೂರು ತಿಂಗಳ ನಂತರ ಅವೆಲ್ಲ ಒಟ್ಟಿಗೆ ಉದುರತೊಡಗುತ್ತವೆ. ಬಾಚಣಿಗೆಯ ತುಂಬ ಕೂದಲು ಬಂದಾಗ ಹೆಣ್ಣುಮಕ್ಕಳು ಗಾಬರಿಗೊಳ್ಳುವುದು ಸಹಜ. ಆದರೆ ಮೂಲ ಕಾರಣ ನೀಗಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವಿಕೆ ತಾನಾಗಿಯೇ ತಗ್ಗಿ, ಕೂದಲು ಮತ್ತೆ ಬೆಳೆಯುತ್ತದೆ.

ತಲೆಗೆಣ್ಣೆಯ ಕೀರ್ತಿಗೆ ಬಹುಮಟ್ಟಿಗೆ ಇದೇ ಕಾರಣ. ಬಾಣಂತಿಯೊಬ್ಬಳು ಕೂದಲುದುರುವಿಕೆ ಹೆಚ್ಚಿರುವಾಗ ಎಣ್ಣೆ ಕೊಳ್ಳುತ್ತಾಳೆ; ನಾಲ್ಕು ತಿಂಗಳು ಹಚ್ಚುತ್ತಾಳೆ; ಕೂದಲು ಬರುತ್ತದೆ. ಹಚ್ಚಿದ್ದು ನಿಜ, ಬಂದದ್ದೂ ನಿಜ. ಆದರೆ ಹಚ್ಚದಿದ್ದರೂ ಅದು ಬರುತ್ತಿತ್ತು. ಮಾರಿದವನು ಮೋಸಗಾರನಲ್ಲ, ಕೊಂಡವಳು ದಡ್ಡಿಯೂ ಅಲ್ಲ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ನಂಬಿದವರು. ತೊಂದರೆ ಬರುವುದು ಉದುರುವಿಕೆಗೆ ಬೇರೆ ಕಾರಣವಿದ್ದಾಗ.

ಬೇರೆ ಕಾರಣಗಳಲ್ಲಿ ಮುಖ್ಯವಾದವು ರಕ್ತಹೀನತೆ ಮತ್ತು ಥೈರಾಯಿಡ್ ಗ್ರಂಥಿಯ ದೋಷ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆಯುಳ್ಳವರು. ಕೂದಲುದುರುವಿಕೆಯೆಂದು ಎಣ್ಣೆ ಕೊಳ್ಳಲು ಬರುವವರಲ್ಲಿ ಕಬ್ಬಿಣಾಂಶದ ಕೊರತೆಯವರೂ ಇರಬಹುದೆಂದು ತಿಳಿಯಲು ಈ ಒಂದು ಅಂಕಿ ಸಾಕು. ಅಂಥವರಿಗೆ ಬೇಕಾದುದು ರಕ್ತಪರೀಕ್ಷೆ ಮತ್ತು ಕಬ್ಬಿಣದ ಮಾತ್ರೆ. ಮುಟ್ಟಿನ ಏರುಪೇರು, ಮೊಡವೆ, ಮುಖದ ಮೇಲೆ ರೋಮ ಇವು ಜೊತೆಗಿದ್ದರೆ ಅಂಡಾಶಯ ಸಂಬಂಧಿ ತೊಂದರೆಯನ್ನು ಪರೀಕ್ಷಿಸಬೇಕಾಗುತ್ತದೆ. ನಾಣ್ಯದಂತೆ ದುಂಡಗೆ ಕೂದಲು ಹೋದರೆ ಅದು ಬೇರೆಯೇ ವ್ಯಾಧಿ. ಇವೆಲ್ಲವನ್ನೂ ಒಂದೇ ಸೀಸೆಯ ಎಣ್ಣೆಯಿಂದ ನಿವಾರಿಸಲು ಹೊರಡುವುದೆಂದರೆ ಆ ಸ್ತ್ರೀಯ ಅಮೂಲ್ಯವಾದ ತಿಂಗಳುಗಳನ್ನು ಕಳೆದಂತೆ.

ವೈದ್ಯರು ನೀಡುವ ಔಷಧಿಗಳು

ವಂಶಪಾರಂಪರ್ಯವಾಗಿ ಬರುವ ಕೂದಲುದುರುವಿಕೆಯಲ್ಲಿ ಸ್ತ್ರೀಯರಿಗೆ ಪುರುಷರಂತೆ ಹಣೆ ಬಯಲಾಗುವುದು ಕಡಿಮೆ. ಬೈತಲೆ ಕ್ರಮೇಣ ಅಗಲವಾಗುತ್ತದೆ, ನೆತ್ತಿ ತೆಳುವಾಗುತ್ತದೆ. ಇದಕ್ಕೆ ಪ್ರಮುಖ ಔಷಧಿ ಮಿನಾಕ್ಸಿಡಿಲ್. ಮೊದಲು ಇದು ರಕ್ತದೊತ್ತಡದ ಮಾತ್ರೆಯಾಗಿತ್ತು. ಸೇವಿಸಿದವರ ಮೈಮೇಲೆ ರೋಮ ಬೆಳೆದುದನ್ನು ವೈದ್ಯರು ಗಮನಿಸಿದ ಮೇಲೆ ತಲೆಗೆ ಹಚ್ಚುವ ದ್ರಾವಣ ಸಿದ್ಧವಾಯಿತು. ಅಮೆರಿಕದಲ್ಲಿ ಅದಕ್ಕೆ ಪುರುಷರ ಉಪಯೋಗಕ್ಕಾಗಿ 1988ರಲ್ಲಿ, ಸ್ತ್ರೀಯರಿಗಾಗಿ ಶೇ. 2ರ ಪ್ರಮಾಣದಲ್ಲಿ 1991ರಲ್ಲಿ ಅನುಮತಿ ದೊರೆಯಿತು. ಶೇ. 5ರ ನೊರೆರೂಪದ ಔಷಧಿಗೆ ಸ್ತ್ರೀಯರ ಬಳಕೆಗಾಗಿ 2014ರಲ್ಲಿ ಅನುಮತಿ ಸಿಕ್ಕಿತು.

ಇದರ ಬಳಕೆಯಲ್ಲಿ ತಿಳಿದಿರಬೇಕಾದ ಸಂಗತಿಗಳು ಕೆಲವು. ಆರಂಭದ ವಾರಗಳಲ್ಲಿ ಉದುರುವಿಕೆ ಹೆಚ್ಚಾಗಬಹುದು. ಹಳೆಯ ಕೂದಲು ಹೊಸದಕ್ಕೆ ದಾರಿ ಬಿಡುವ ಕ್ರಮ ಇದು. ಇದನ್ನರಿಯದೆ ಅನೇಕರು ನಡುವೆಯೇ ನಿಲ್ಲಿಸುತ್ತಾರೆ. ಫಲ ಕಾಣಲು ಕನಿಷ್ಠ ನಾಲ್ಕು ತಿಂಗಳು ಬೇಕು. ಬಿಟ್ಟರೆ ಬಂದ ಕೂದಲು ಕೆಲವು ತಿಂಗಳಲ್ಲಿ ಹೋಗುತ್ತದೆ. ನೆತ್ತಿಯಲ್ಲಿ ತುರಿಕೆ, ಮುಖದಲ್ಲಿ ರೋಮ ಕಾಣಿಸಿಕೊಳ್ಳಬಹುದು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಬಳಸಬಾರದು. ಎಲ್ಲರಿಗೂ ಸಮಾನ ಫಲ ದೊರೆಯುವುದಿಲ್ಲ.

ಪುರುಷರಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಗರ್ಭದಲ್ಲಿರುವ ಗಂಡುಮಗುವಿನ ಬೆಳವಣಿಗೆಗೆ ಅದು ಹಾನಿಮಾಡಬಲ್ಲದು. ಆದ್ದರಿಂದ ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂ ಬಾರದೆಂಬ ಎಚ್ಚರಿಕೆಯಿದೆ. ಗಂಡನಿಗೆ ಬರೆದ ಚೀಟಿಯನ್ನು ತೋರಿಸಿ ಹೆಂಡತಿಗೆ ಕೊಳ್ಳುವುದನ್ನು ಔಷಧಿ ಅಂಗಡಿಯವರು ಪ್ರೋತ್ಸಾಹಿಸಬಾರದು. ಸ್ಪೈರನೊಲ್ಯಾಕ್ಟೋನ್ ಮುಂತಾದ ಮಾತ್ರೆಗಳನ್ನು ಚರ್ಮವೈದ್ಯರು ಕೆಲವರಿಗೆ ಮಾತ್ರ, ಪರೀಕ್ಷೆಯ ನಂತರ ಕೊಡುತ್ತಾರೆ.

ಎಣ್ಣೆಗೆ ಬೆಲೆಯಿಲ್ಲವೇ?

ಇದೆ. ಕೊಬ್ಬರಿ ಎಣ್ಣೆಯು ಕೂದಲಿನೊಳಕ್ಕೆ ಇಳಿದು ಅದರ ಪ್ರೋಟೀನ್ ನಷ್ಟವನ್ನು ತಡೆಯುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನ ತೋರಿಸಿತು. ಒಣಗಿ ತುಂಡಾಗುವ ಕೂದಲಿಗೆ ಇದು ದೊಡ್ಡ ಉಪಕಾರ. ಭೃಂಗರಾಜದಿಂದ ಇಲಿಗಳಲ್ಲಿ ರೋಮ ಬೇಗ ಬೆಳೆದುದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಇಲಿಯ ಮೈಮೇಲೆ ಕಂಡದ್ದು ಮನುಷ್ಯರ ನೆತ್ತಿಯ ಮೇಲೆಯೂ ಆಗುತ್ತದೆಂಬ ಖಾತರಿಯಿಲ್ಲ. ಎಣ್ಣೆಯ ಕಾರ್ಯಕ್ಷೇತ್ರ ಕೂದಲಿನ ಎಳೆ. ಔಷಧಿಯ ಕಾರ್ಯಕ್ಷೇತ್ರ ಕೂದಲಿನ ಬೇರು. ನಮ್ಮ ವ್ಯಾಪಾರದ ಮಾತು ಎಳೆಯನ್ನು ದಾಟಬಾರದು.

ಕಾನೂನಿನ ಗೆರೆ

ತಲೆಗೆಣ್ಣೆಯನ್ನು ಸೌಂದರ್ಯವರ್ಧಕವಾಗಿ ತಯಾರಿಸಿ ಮಾರಲು 2020ರ ಸೌಂದರ್ಯವರ್ಧಕ ನಿಯಮಗಳಂತೆ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ತಯಾರಿಕಾ ಪರವಾನಗಿ ಪಡೆಯಬೇಕು. ಆಯುರ್ವೇದ ಔಷಧಿಯೆಂದು ತಯಾರಿಸುವುದಾದರೆ ಆ ಪದ್ಧತಿಗೆ ಸಂಬಂಧಿಸಿದ ಪ್ರತ್ಯೇಕ ಪರವಾನಗಿ ಬೇಕು. ರೋಗ ಗುಣಪಡಿಸುತ್ತದೆಂದು ಲೇಬಲ್ಲಿನಲ್ಲಿ ಬರೆದೊಡನೆ ಎಣ್ಣೆಯು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ದೃಷ್ಟಿಯಲ್ಲಿ ಔಷಧವಾಗುತ್ತದೆ. ಔಷಧವಾದರೂ ಬಿಡುಗಡೆಯಿಲ್ಲ: 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಗುಣಪಡಿಸುವುದಾಗಿ ಔಷಧಿಗಳು ಹೇಳಿಕೊಳ್ಳಬಾರದ ತೊಂದರೆಗಳ ಸಾಲಿನಲ್ಲಿ, ಬೋಳುತಲೆ ಮತ್ತು ಹೊಸ ಕೂದಲಿನ ಬೆಳವಣಿಗೆ ಎರಡೂ ಇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಬೇಗ ಫಲ ತೋರಿಸಬೇಕೆಂಬ ಆಸೆಯಿಂದ ಗಿಡಮೂಲಿಕೆ ಎಣ್ಣೆಗೆ ಗುಟ್ಟಾಗಿ ಮಿನಾಕ್ಸಿಡಿಲ್ ಬೆರೆಸುವುದು ಎಲ್ಲಕ್ಕಿಂತ ಅಪಾಯದ ದಾರಿ. ಗರ್ಭಿಣಿಯೊಬ್ಬಳು ಬರಿಯ ಎಣ್ಣೆಯೆಂದು ನಂಬಿ ಅದನ್ನು ಹಚ್ಚಿಕೊಂಡಾಳು. ಮಿನಾಕ್ಸಿಡಿಲ್ ಇರುವ ಸೀಸೆಯನ್ನು ಔಷಧ ಮಾರಾಟದ ಪರವಾನಗಿಯಿಲ್ಲದ ಕಿರಾಣಿ ಅಂಗಡಿಯಲ್ಲಿ ಇಡುವಂತೆಯೂ ಇಲ್ಲ.

ತೆರಿಗೆಯ ಲೆಕ್ಕವೂ ಈಗ ಬದಲಾಗಿದೆ. ಹಿಂದೆ ತಲೆಗೆಣ್ಣೆಗೆ ಶೇ. 18, ಬಹುತೇಕ ಔಷಧಿಗಳಿಗೆ ಶೇ. 12 ಸರಕು ಮತ್ತು ಸೇವಾ ತೆರಿಗೆ ಇದ್ದುದರಿಂದ ಎಣ್ಣೆಯನ್ನು ಔಷಧಿಯೆಂದು ಕರೆಯುವ ಆಕರ್ಷಣೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡರ ದರವೂ ಶೇ. 5ಕ್ಕೆ ಇಳಿಯಿತು. ಎಣ್ಣೆಯನ್ನು ಎಣ್ಣೆಯೆಂದೇ ಕರೆದು ಮಾರುವುದರಲ್ಲಿ ತೆರಿಗೆಯ ನಷ್ಟ ಉಳಿದಿಲ್ಲ.

ವರ್ತಕ ಮಿತ್ರರಿಗೆ ಸೂಚನೆ

ಲೇಬಲ್ಲಿನಲ್ಲಿ ‘ಕೂದಲನ್ನು ಮೃದುವಾಗಿಡುತ್ತದೆ, ತುಂಡಾಗುವುದನ್ನು ತಗ್ಗಿಸುತ್ತದೆ’ ಎಂಬಷ್ಟು ಮಾತು ಸಾಕು. ‘ಹೊಸ ಕೂದಲು ಹುಟ್ಟಿಸುತ್ತದೆ’ ಎಂಬುದು ಬೇಡ. ಗಿರಾಕಿಯು ಕೈತುಂಬ ಕೂದಲು ಬರುತ್ತಿದೆಯೆಂದರೆ, ಆಯಾಸವಿದೆಯೇ, ಇತ್ತೀಚೆಗೆ ಜ್ವರ ಅಥವಾ ಹೆರಿಗೆಯಾಗಿತ್ತೇ ಎಂದು ವಿಚಾರಿಸಿರಿ. ರಕ್ತಪರೀಕ್ಷೆಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಗತ್ಯಬಿದ್ದರೆ ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗುವಂತೆ ತಿಳಿಸಿರಿ. ಆಕೆ ಎಣ್ಣೆಯನ್ನೂ ಕೊಳ್ಳಲಿ, ಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ. ರಕ್ತಹೀನತೆ ಗುಣವಾಗಿ ಕೂದಲು ಮರಳಿ ಬಂದಾಗ, ಸರಿಯಾದ ದಾರಿ ತೋರಿದ ಅಂಗಡಿಯನ್ನು ಆಕೆ ಮರೆಯಲಾರಳು. ಕಾಡಿನ ನೆಲ್ಲಿ ಸೀಗೆಗಳ ಹೆಸರು ಬಾಳುವುದೂ ಇಂಥ ವ್ಯಾಪಾರದಿಂದಲೇ.