ನದಿಯಿಲ್ಲದ ನಗರದಲ್ಲಿ ಒಂದು ದಿನ

ಚಳಿಗಾಲ ಬಂತೆಂದರೆ ದುಬೈ ಬಂದರಿಗೆ ವಿಹಾರ ನೌಕೆಗಳು ಒಂದರ ಹಿಂದೊಂದು ಬರತೊಡಗುತ್ತವೆ. ಬೆಳಿಗ್ಗೆ ಇಳಿದ ಪ್ರವಾಸಿ ರಾತ್ರಿಯೊಳಗೆ ಹಡಗು ಸೇರಬೇಕು. ಚಿನ್ನದ ಪೇಟೆ, ಗಗನಚುಂಬಿ ಕಟ್ಟಡ, ನಾಲ್ಕಾರು ಫೋಟೊ; ಅಷ್ಟರಲ್ಲಿ ದಿನ ಮುಗಿದಿರುತ್ತದೆ. ಆದರೆ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸುತ್ತಿದರೆ ಈ ಊರು ಒಂದು ವಿಜ್ಞಾನ ಪಾಠವಾಗುತ್ತದೆ. ಇಲ್ಲಿ ನದಿಯಿಲ್ಲ. ವರ್ಷದ ಸರಾಸರಿ ಮಳೆ 100 ಮಿಲಿಮೀಟರ್ ಆಸುಪಾಸು. ಜನಸಂಖ್ಯೆ 35 ಲಕ್ಷಕ್ಕೂ ಹೆಚ್ಚು. ಇವರಿಗೆಲ್ಲ ತಂಪು ಎಲ್ಲಿಂದ, ನೀರು ಎಲ್ಲಿಂದ?

ಗಾಳಿ ಹಿಡಿಯುವ ಗೋಪುರ

ಮೊದಲು ಹಳೆಯ ಊರಿಗೆ ಹೋಗೋಣ. ಊರಿನ ನಡುವೆ ಚಾಚಿಕೊಂಡಿರುವ ಕಡಲ ಹಿನ್ನೀರನ್ನು 'ಕ್ರೀಕ್' ಎನ್ನುತ್ತಾರೆ. ನೋಡಲು ನದಿಯಂತಿದ್ದರೂ ಅದು ಉಪ್ಪುನೀರು. 1960ರ ಸುಮಾರಿಗೆ ಇದರ ಹೂಳೆತ್ತಿದ ಮೇಲೆ ದೊಡ್ಡ ನಾವೆಗಳು ಒಳಬಂದು ವ್ಯಾಪಾರ ಬೆಳೆಯಿತು. ದುಬೈಯಲ್ಲಿ ತೈಲ ಸಿಕ್ಕಿದ್ದು ಅನಂತರ, 1966ರಲ್ಲಿ.

ದಂಡೆಯ ಅಲ್ ಫಹೀದಿ ಬಡಾವಣೆಯ ಮನೆಗಳ ಮೇಲೆ ಚೌಕಾಕಾರದ ಗಾಳಿಗೋಪುರಗಳಿವೆ. ನಾಲ್ಕೂ ಕಡೆ ತೆರೆದ ಇವು ಯಾವ ದಿಕ್ಕಿನ ಗಾಳಿಯನ್ನಾದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತವೆ; ಗಾಳಿಗೆ ಬೆನ್ನು ಮಾಡಿದ ಬದಿಯಿಂದ ಬಿಸಿ ಗಾಳಿ ಹೊರಹೋಗುತ್ತದೆ. ವಿದ್ಯುತ್ತಿಲ್ಲದ ಕಾಲದ ಜಾಣತನವಿದು!

ಎರಡು ಸಲ ಸೂರ್ಯಾಸ್ತ

ಅಲ್ಲಿಂದ ಬುರ್ಜ್ ಖಲೀಫಾ. 2010ರಲ್ಲಿ ಉದ್ಘಾಟನೆಯಾದ ಇದರ ಎತ್ತರ 828 ಮೀಟರ್. ಸಂಜೆ ಬುಡದಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಿ ತಕ್ಷಣ ಲಿಫ್ಟ್ ಏರಿದರೆ, 124ನೆಯ ಮಹಡಿಯಲ್ಲಿ ಸೂರ್ಯ ಮತ್ತೆ ಕಾಣಬಹುದು. ಭೂಮಿ ಗುಂಡಗಿರುವುದರಿಂದ ಮೇಲೆ ಹೋದಷ್ಟೂ ದಿಗಂತ ದೂರ ಸರಿಯುತ್ತದೆ. ಸೂರ್ಯಾಸ್ತ ಎರಡು-ಮೂರು ನಿಮಿಷ ತಡವಾಗುತ್ತದೆ. ರಂಜಾನ್ ತಿಂಗಳಲ್ಲಿ 80ನೆಯ ಮಹಡಿಗಿಂತ ಮೇಲಿರುವವರು ಎರಡು ನಿಮಿಷ ಕಾದು ಉಪವಾಸ ಬಿಡಬೇಕೆಂದು 2011ರಲ್ಲಿ ಅಲ್ಲಿನ ಧರ್ಮಗುರುಗಳು ಹೇಳಿದ್ದರು.

ಈ ಕಟ್ಟಡ ತಂಪಾಗಿರಲು ಗಾಳಿಗೋಪುರ ಸಾಲದು, ಭಾರೀ ಹವಾನಿಯಂತ್ರಣ ಯಂತ್ರಗಳೇ ಬೇಕು. ತಣ್ಣನೆಯ ಲೋಟದ ಹೊರಮೈ ಬೆವರುವಂತೆ, ಯಂತ್ರದ ತಣ್ಣನೆಯ ಕೊಳವೆಗಳಿಗೆ ತಾಗಿದ ತೇವದ ಗಾಳಿ ನೀರಾಗುತ್ತದೆ. ಅದನ್ನು ಸಂಗ್ರಹಿಸಿ ಗಿಡಗಳಿಗೆ ಉಣಿಸುತ್ತಾರೆ. ಕಟ್ಟಡದವರ ಲೆಕ್ಕದಂತೆ ಇದು ವರ್ಷಕ್ಕೆ 5 ಕೋಟಿ ಲೀಟರಿಗೂ ಹೆಚ್ಚು.

ಕಡಲೇ ಕೆರೆ

ಹಾಗಾದರೆ ಕುಡಿಯುವ ನೀರು? ಅದು ಬರುವುದು ಮುಖ್ಯವಾಗಿ ಜೆಬೆಲ್ ಅಲಿ ತೀರದ ಸ್ಥಾವರಗಳಿಂದ. ವಿದ್ಯುತ್ ತಯಾರಿಯಲ್ಲಿ ಉಳಿದ ಶಾಖದಿಂದ ಸಮುದ್ರದ ನೀರನ್ನು ಕಾಯಿಸಿ, ಕಡಿಮೆ ಒತ್ತಡದ ಕೋಣೆಗಳಿಗೆ ಬಿಡುತ್ತಾರೆ. ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವಲ್ಲ? ಇಲ್ಲಿ ಆಗುವುದೂ ಅದೇ. ನೀರು ಥಟ್ಟನೆ ಆವಿಯಾಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಆವಿ ತಣಿದರೆ ಸಿಹಿನೀರು. ಹೊಸ ಸ್ಥಾವರಗಳಲ್ಲಿ ಸೂಕ್ಷ್ಮ ಪೊರೆಗಳ ಮೂಲಕ ಉಪ್ಪು ಸೋಸುವ ವಿಧಾನವಿದೆ. ಇದಕ್ಕೆ ಕಡಿಮೆ ಶಕ್ತಿ ಸಾಕು.

ಸೂರ್ಯನೂ ಮಾಡುವುದು ಇದನ್ನೇ. ಕಡಲ ನೀರನ್ನು ಆವಿಯಾಗಿಸಿ ನಮಗೆ ಪುಕ್ಕಟೆಯಾಗಿ ಮಳೆ ಕೊಡುತ್ತಾನೆ. ದುಬೈ ಅದಕ್ಕಾಗಿ ಶಕ್ತಿ ವ್ಯಯಿಸಬೇಕು. ಮಿಕ್ಕ ಕಡು ಉಪ್ಪುನೀರು ಮತ್ತೆ ಸಮುದ್ರಕ್ಕೇ ಸೇರುತ್ತದೆ. ಪರ್ಷಿಯನ್ ಕೊಲ್ಲಿಯಾದರೋ ಆಳವಿಲ್ಲದ, ಮೊದಲೇ ಹೆಚ್ಚು ಉಪ್ಪಾದ ಕಡಲು. ಅಲ್ಲಿನ ಜೀವಿಗಳಿಗೆ ಇದು ಹೊರೆ.

ರಾತ್ರಿ ಪ್ರವಾಸಿ ಹಡಗಿಗೆ ಮರಳಿ ಕೋಣೆಯ ನಲ್ಲಿ ತಿರುಗಿಸುತ್ತಾನೆ. ದೊಡ್ಡ ವಿಹಾರ ನೌಕೆಗಳೂ ಸಮುದ್ರದ ನೀರನ್ನೇ ಸಿಹಿ ಮಾಡಿಕೊಳ್ಳುತ್ತವೆ. ಯಂತ್ರ ನಿಂತರೆ ನಲ್ಲಿಯೂ ನಿಲ್ಲುತ್ತದೆ. ಬಂದರಿನಾಚೆ ದೀಪಗಳಿಂದ ಝಗಝಗಿಸುವ ನಗರದ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ನೆಲದ ಮೇಲಿದ್ದರೂ ಅದು ಹಡಗಿನಂತೆಯೇ ಬದುಕುತ್ತಿದೆ. ಬಾವಿ, ಕೆರೆ, ಹೊಳೆ ಉಳ್ಳವರು ಅವನ್ನು ಕೆಡಿಸಿಕೊಂಡರೆ ಕೊಡಬೇಕಾದ ಬೆಲೆ ಎಷ್ಟೆಂಬುದನ್ನು ತಿಳಿಯಲು ಈ ಒಂದು ದಿನದ ಸುತ್ತಾಟ ಸಾಕು.