ಕಡಲಿನ ಬಣ್ಣವೂ ವಾಯುಮಂಡಲದ ತಿದ್ದುಪಡಿಯೂ

ಗುಂಡ್ಲುಪೇಟೆಯ ಬಯಲಿನಿಂದ ನೋಡಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ, ಚಾಮರಾಜನಗರದಿಂದ ನೋಡಿದರೆ ಬಿಳಿಗಿರಿರಂಗನ ಬೆಟ್ಟಗಳೂ ನೀಲಿಯಾಗಿ ತೋರುವುವು. ಸಮೀಪಿಸಿದಾಗ ಅವೇ ಬೆಟ್ಟಗಳು ಹಸುರು. ಆ ನೀಲಿ ಬೆಟ್ಟದ್ದಲ್ಲ. ನಡುವಣ ಗಾಳಿಯ ಅಣುಗಳು ಚೆದರಿಸಿದ ಸೂರ್ಯನ ಬೆಳಕಿನದು. ಉಪಗ್ರಹದಿಂದ ಕಡಲಿನ ಬಣ್ಣವನ್ನು ಅಳೆಯಹೊರಟವರಿಗೆ ಎದುರಾಗುವ ತೊಡಕೂ ಇದೇ.

ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ ಪತ್ರಹರಿತ್ತು ನೀಲಿ ಬೆಳಕನ್ನು ಹೀರುವುದರಿಂದ, ನೀಲಿಗೂ ಹಸುರಿಗೂ ಇರುವ ಪ್ರಮಾಣವು ಆ ಸಸ್ಯಗಳ ಸಮೃದ್ಧಿಯನ್ನು ತಿಳಿಸುತ್ತದೆ. ಬೆಸ್ತರಿಗೆ ಮೀನಿನ ನೆಲೆಯನ್ನು ಸೂಚಿಸಲು ಈ ಅಳತೆಯೂ ಒಂದು ಆಧಾರ. ಆದರೆ ಉಪಗ್ರಹವನ್ನು ಮುಟ್ಟುವ ಬೆಳಕಿನಲ್ಲಿ ಸುಮಾರು ಶೇಕಡ 90 ಭಾಗ ವಾಯುಮಂಡಲದ್ದು. ನೀರಿನದು ಶೇಕಡ 10ರಷ್ಟು ಮಾತ್ರ. ಆದುದರಿಂದ ಒಟ್ಟು ಅಳತೆಯಲ್ಲಿ ಶೇಕಡ 1ರ ತಪ್ಪು ನುಸುಳಿದರೆ ನೀರಿನ ಪಾಲಿನಲ್ಲಿ ಅದು ಶೇಕಡ 10ರಷ್ಟಾಗುತ್ತದೆ.

ಗಾಳಿಯ ಅಣುಗಳ ಪಾಲನ್ನು ಲೆಕ್ಕದಿಂದಲೇ ಪಡೆಯಬಹುದು. ಧೂಳು, ಹೊಗೆ, ಉಪ್ಪಿನ ಕಣಗಳಾದರೋ ದಿನದಿನಕ್ಕೂ ಬದಲಾಗುವುವು. ಸ್ವಚ್ಛವಾದ ಕಡಲ ನೀರು ಸಮೀಪದ ಅವಕೆಂಪು ಬೆಳಕನ್ನು ಬಹುಮಟ್ಟಿಗೆ ಹೀರಿಬಿಡುವುದರಿಂದ, ಅಲ್ಲಿ ಉಪಗ್ರಹಕ್ಕೆ ಕಾಣುವುದು ಗಾಳಿಯದೇ ಬೆಳಕು. ಆ ಭಾಗದ ಎರಡು ಪಟ್ಟೆಗಳಿಂದ ಕಣಗಳ ಸ್ವಭಾವವನ್ನು ನಿರ್ಣಯಿಸಿ, ನೀಲಿ ಹಸುರುಗಳಲ್ಲಿ ಅವುಗಳ ಪಾಲನ್ನು ಕಳೆಯುವ ಕ್ರಮವನ್ನು 1994ರಲ್ಲಿ ಗಾರ್ಡನ್ ಮತ್ತು ವಾಂಗ್ ಪ್ರಕಟಿಸಿದರು. ಕೆಸರು ನೀರಿನಲ್ಲಿ ಈ ಕ್ರಮ ಸೋಲುತ್ತದೆ. ಮಳೆಗಾಲದ ನೇತ್ರಾವತಿಯ ಅಳಿವೆಯಲ್ಲಿ ಕೆಸರೂ ಅವಕೆಂಪು ಬೆಳಕನ್ನು ಹಿಂದಿರುಗಿಸುವುದು. ಅದನ್ನು ಗಾಳಿಯದೆಂದು ಎಣಿಸಿ ನಾವು ಮಿತಿಮೀರಿ ಕಳೆದುಬಿಡುವೆವು.

ಉಪಗ್ರಹಗಳು ಹಲವಾದಾಗ ತೊಡಕು ಇನ್ನೂ ಹೆಚ್ಚುವುದು. 1999ರ ಓಷನ್‌ಸ್ಯಾಟ್-1ರ ವರ್ಣಮಾಪಕದಲ್ಲಿ 8 ಪಟ್ಟೆಗಳಿದ್ದುವು. 2009ರ ಓಷನ್‌ಸ್ಯಾಟ್-2ರಲ್ಲಿಯೂ 8 ಪಟ್ಟೆಗಳೇ. ಆದರೆ 670 ನ್ಯಾನೋಮೀಟರಿನ ಪಟ್ಟೆಯನ್ನು 620ಕ್ಕೂ, 765ರದನ್ನು 740ಕ್ಕೂ ಸರಿಸಲಾಯಿತು. 765ರ ಬಳಿ ಗಾಳಿಯ ಆಮ್ಲಜನಕವೇ ಬೆಳಕನ್ನು ಹೀರುವುದು. 2022ರ ಓಷನ್‌ಸ್ಯಾಟ್-3ರಲ್ಲಿ ಪಟ್ಟೆಗಳು 13. ಗಾಳಿಯನ್ನು ತಿಳಿಸುವ ಪಟ್ಟೆಯೇ ಬದಲಾದ ಮೇಲೆ ತಿದ್ದುಪಡಿಯ ಕೋಷ್ಟಕಗಳೂ ಬದಲಾಗಬೇಕು. ಇಲ್ಲವಾದರೆ ಉಪಕರಣದ ವ್ಯತ್ಯಾಸವನ್ನೇ ಕಡಲಿನ ವ್ಯತ್ಯಾಸವೆಂದು ಭ್ರಮಿಸುವೆವು.

ಇದಕ್ಕೆ ಪರಿಹಾರ ನೀರಿನಲ್ಲಿಯೇ ನಿಂತ ಸಾಕ್ಷಿ. ಹವಾಯಿಯ ಲಾನೈ ದ್ವೀಪದ ಬಳಿ 1997ರಿಂದ ತೇಲುಮಾಪಕವೊಂದು ನೀರಿನ ಬೆಳಕನ್ನು ನೇರವಾಗಿ ಅಳೆಯತೊಡಗಿತು. ಲಕ್ಷದ್ವೀಪದ ಕವರತ್ತಿಯ ಬಳಿಯ ಅಳತೆಗಳು ನಮ್ಮ ಉಪಗ್ರಹಗಳಿಗೆ ನೆರವಾದುವು. ಇಂತಹ ಅಳತೆಗೆ ಪ್ರತಿಯೊಂದು ಉಪಕರಣವನ್ನೂ ಅದರ ತಿದ್ದುಪಡಿಯ ಕ್ರಮದೊಡನೆಯೇ ಸರಿಹೊಂದಿಸಬೇಕು. ಕ್ರಮ ಬದಲಾದರೆ ಹಳೆಯ ದಾಖಲೆಗಳೆಲ್ಲವನ್ನೂ ಮರಳಿ ಗಣಿಸಬೇಕು. ದಶಕಗಳ ಅಂಕಿಗಳನ್ನು ಮುಂದಿಟ್ಟು ಕಡಲು ಬದಲಾಯಿತೆಂದು ಹೇಳುವ ಮೊದಲು, ಅವೆಲ್ಲವೂ ಒಂದೇ ಕ್ರಮದಲ್ಲಿ ಶುದ್ಧಿಗೊಂಡಿವೆಯೇ ಎಂದು ನಾವು ಕೇಳಿಕೊಳ್ಳತಕ್ಕದ್ದು.